ಪಿಸ್ಟನ್ ಮತ್ತು ಸಿಲಿಂಡರ್ ಮರುನಿರ್ಮಾಣ (ಹಳೆಯ ಮೋಟಾರ್‌ಸೈಕಲ್)

ಪಿಸ್ಟನ್ ಮತ್ತು ಸಿಲಿಂಡರ್ ಮರುನಿರ್ಮಾಣ ಎಂಬುದು ದೀರ್ಘಕಾಲದ ಬಳಕೆಯಿಂದ ಸವೆದ ಎಂಜಿನ್ ಸಿಲಿಂಡರಿನ ಒಳಮೈಯನ್ನು ಕೊರೆದು ಮತ್ತೆ ದುಂಡಾಗಿಸಿ, ಅದಕ್ಕೆ ಹೊಂದುವ ಹೊಸ ಪಿಸ್ಟನ್ ಹಾಗೂ ರಿಂಗುಗಳನ್ನು ಅಳವಡಿಸುವ ಯಂತ್ರಕಾರ್ಯ. ಕರ್ನಾಟಕದ ಗ್ಯಾರೇಜುಗಳಲ್ಲಿ ಸಿಲಿಂಡರನ್ನು 'ಬ್ಲಾಕ್' ಎಂದೂ ಈ ಕೆಲಸವನ್ನು 'ಬೋರಿಂಗ್ ಮಾಡಿಸುವುದು' ಎಂದೂ ಕರೆಯುವುದು ರೂಢಿ. ತಯಾರಿಕೆ ನಿಂತುಹೋದ ಜಾವಾ, ಯೆಜ್ಡಿ, ಹಳೆಯ ಬುಲೆಟ್, ಬಿ.ಎಸ್.ಎ., ನಾರ್ಟನ್ ಮುಂತಾದ ಮೋಟಾರ್‌ಸೈಕಲ್‌ಗಳನ್ನು ಚಾಲನಾಸ್ಥಿತಿಯಲ್ಲಿ ಉಳಿಸಿಕೊಳ್ಳಲು ಇದು ಮುಖ್ಯ ವಿಧಾನವಾಗಿದೆ. ಪ್ರತಿಯೊಂದು ಕೊರೆತವೂ ಸಿಲಿಂಡರಿನ ಗೋಡೆಯಿಂದ ಒಂದಿಷ್ಟು ಲೋಹವನ್ನು ಶಾಶ್ವತವಾಗಿ ತೆಗೆಯುವುದರಿಂದ, ಮೂಲ ಸಿಲಿಂಡರ್ ಎಷ್ಟು ವರ್ಷ ಬಾಳುತ್ತದೆ ಎಂಬುದು ಈ ಕೆಲಸದ ನಿಖರತೆಯನ್ನೇ ಅವಲಂಬಿಸಿರುತ್ತದೆ.

## ಹಿನ್ನೆಲೆ

ಬೆಂಗಳೂರು ದಂಡುಪ್ರದೇಶವು 1809ರಲ್ಲಿ ಬ್ರಿಟಿಷ್ ಸೇನಾ ನೆಲೆಯಾಗಿ ಸ್ಥಾಪನೆಯಾಯಿತು. ಅದರ ಭಾಗವಾಗಿ 20ನೆಯ ಶತಮಾನದ ಆರಂಭದಲ್ಲಿ ಬೆಳೆದ ಫ್ರೇಜರ್ ಟೌನ್ ಬಡಾವಣೆಗೆ ಮುಂದೆ ಚಾಲುಕ್ಯ ದೊರೆ ಇಮ್ಮಡಿ ಪುಲಿಕೇಶಿಯ ಹೆಸರಿನಿಂದ ಪುಲಿಕೇಶಿನಗರವೆಂದು ನಾಮಕರಣ ಮಾಡಲಾಯಿತು. ನೆರೆಯ ಶಿವಾಜಿನಗರವು ಹಳೆಯ ವಾಹನಗಳ ಬಿಡಿಭಾಗಗಳು ದೊರೆಯುವ ಗುಜರಿ ಮಾರುಕಟ್ಟೆಗೆ ಹೆಸರಾಗಿದೆ. ಹೊಸ ಬಿಡಿಭಾಗಗಳ ವ್ಯಾಪಾರವು ನಗರದ ಜೆ.ಸಿ. ರಸ್ತೆಯಲ್ಲಿ ಕೇಂದ್ರೀಕೃತವಾಗಿದೆ. 1940ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಮತ್ತು 1953ರಲ್ಲಿ ಸ್ಥಾಪನೆಯಾದ ಎಚ್.ಎಂ.ಟಿ. ಕಾರ್ಖಾನೆಗಳು ಬೆಂಗಳೂರಿನಲ್ಲಿ ಲೇತ್, ಬೋರಿಂಗ್ ಹಾಗೂ ಗ್ರೈಂಡಿಂಗ್ ಕೆಲಸದ ಪರಿಣತಿಯನ್ನು ಬೆಳೆಸಿದವು. ಪಿಸ್ಟನ್ ಮತ್ತು ರಿಂಗುಗಳನ್ನು ತಯಾರಿಸುವ ಗೋಟ್ಜೆ ಕಾರ್ಖಾನೆಯು ಯಲಹಂಕದಲ್ಲಿದೆ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಬರುವ ಎಂಜಿನ್‌ಗಳಲ್ಲಿ ಮೈಸೂರಿನ ಐಡಿಯಲ್ ಜಾವಾ ಸಂಸ್ಥೆಯವು ಮುಖ್ಯವಾದವು. ಜೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿಯಡಿ ಮೈಸೂರಿನ ಯಾದವಗಿರಿಯಲ್ಲಿದ್ದ ಈ ಕಾರ್ಖಾನೆ 1961ರಿಂದ ಜಾವಾ ಹೆಸರಿನಲ್ಲಿಯೂ 1970ರ ದಶಕದಿಂದ ಯೆಜ್ಡಿ ಹೆಸರಿನಲ್ಲಿಯೂ ಮೋಟಾರ್‌ಸೈಕಲ್‌ಗಳನ್ನು ತಯಾರಿಸಿ 1996ರಲ್ಲಿ ಮುಚ್ಚಿಹೋಯಿತು. ಕಾರ್ಖಾನೆ ಮುಚ್ಚಿದ ಮೇಲೆ ಮೂಲ ಬಿಡಿಭಾಗಗಳ ಪೂರೈಕೆ ನಿಂತಿತು. ಅಂದಿನಿಂದ ಉಳಿದ ದಾಸ್ತಾನು, ಇತರ ತಯಾರಕರ ಬಿಡಿಭಾಗಗಳು ಮತ್ತು ಬೋರಿಂಗ್ ಅಂಗಡಿಗಳ ಕೈಚಳಕ ಇವೇ ಈ ವಾಹನಗಳಿಗೆ ಆಧಾರವಾಗಿವೆ.

## ಎಂಜಿನ್‌ಗಳ ರಚನೆ

ಜಾವಾ 250 ಮಾದರಿಯ ಎಂಜಿನ್ ಏಕ ಸಿಲಿಂಡರಿನ, ಗಾಳಿಯಿಂದ ತಂಪಾಗುವ ಎರಡು ಸ್ಟ್ರೋಕ್ ಎಂಜಿನ್. ಅದರ ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ.; ಇದರಿಂದ ಒಟ್ಟು ಸಾಮರ್ಥ್ಯ ಸುಮಾರು 249 ಸಿ.ಸಿ. ಆಗುತ್ತದೆ. ಸಿಲಿಂಡರ್ ಎರಕದ ಕಬ್ಬಿಣದ್ದು, ಹೆಡ್ ಅಲ್ಯುಮಿನಿಯಂ ಮಿಶ್ರಲೋಹದ್ದು. ಒಂದೇ ಸಿಲಿಂಡರಿನಿಂದ ಎರಡು ಸೈಲೆನ್ಸರ್ ಕೊಳವೆಗಳು ಹೊರಡುವುದು ಇದರ ವೈಶಿಷ್ಟ್ಯ. ಎರಡು ಸ್ಟ್ರೋಕ್ ಎಂಜಿನ್‌ನಲ್ಲಿ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಪೋರ್ಟುಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಆದುದರಿಂದ ಪಿಸ್ಟನ್ ರಿಂಗುಗಳು ಪ್ರತಿ ಸುತ್ತಿನಲ್ಲಿಯೂ ಪೋರ್ಟುಗಳ ಅಂಚನ್ನು ದಾಟಬೇಕಾಗುತ್ತದೆ.

1955ರಿಂದ ಮದರಾಸಿನಲ್ಲಿ ತಯಾರಾಗತೊಡಗಿದ ಬುಲೆಟ್ 350 ನಾಲ್ಕು ಸ್ಟ್ರೋಕ್ ಎಂಜಿನ್ ಹೊಂದಿದೆ. ಅದರ ಬೋರ್ 70 ಮಿ.ಮೀ., ಸ್ಟ್ರೋಕ್ 90 ಮಿ.ಮೀ., ಸಾಮರ್ಥ್ಯ 346 ಸಿ.ಸಿ. ಇದರ ಹಳೆಯ ಸಿಲಿಂಡರ್ ಕೂಡ ಎರಕದ ಕಬ್ಬಿಣದ್ದೇ. ನಾಲ್ಕು ಸ್ಟ್ರೋಕ್ ಪಿಸ್ಟನ್ನಿನಲ್ಲಿ ಒತ್ತಡ ಹಿಡಿದಿಡುವ ರಿಂಗುಗಳ ಜೊತೆಗೆ ಗೋಡೆಯ ಮೇಲಿನ ಎಣ್ಣೆಯನ್ನು ಒರೆಸಿ ಕೆಳಗಿಳಿಸುವ ಆಯಿಲ್ ರಿಂಗ್ ಇರುತ್ತದೆ. ಎರಡು ಸ್ಟ್ರೋಕ್ ಎಂಜಿನ್‌ಗೆ ಪೆಟ್ರೋಲಿನೊಂದಿಗೇ ಎಣ್ಣೆ ಬರುವುದರಿಂದ ಅಲ್ಲಿ ಆಯಿಲ್ ರಿಂಗಿನ ಅಗತ್ಯವಿಲ್ಲ.

## ಸವೆತದ ಸ್ವರೂಪ

ಸಿಲಿಂಡರ್ ಎಲ್ಲೆಡೆ ಒಂದೇ ಸಮನಾಗಿ ಸವೆಯುವುದಿಲ್ಲ. ಮೇಲಿನ ರಿಂಗ್ ತನ್ನ ಚಲನೆಯ ತುದಿಯಲ್ಲಿ ಕ್ಷಣಕಾಲ ನಿಂತು ಹಿಂತಿರುಗುವ ಜಾಗದಲ್ಲಿ ಶಾಖ ಮತ್ತು ಒತ್ತಡ ಅತಿ ಹೆಚ್ಚು, ಎಣ್ಣೆಯ ಪದರ ಅತಿ ತೆಳು. ಅಲ್ಲಿಯೇ ಸವೆತ ಹೆಚ್ಚು. ರಿಂಗ್ ತಲುಪದ ಮೇಲಂಚು ಸವೆಯದೆ ಉಳಿದು ಒಂದು ದಿಣ್ಣೆಯಾಗುತ್ತದೆ. ಬೆರಳಿನ ಉಗುರನ್ನು ಒಳಗಿನಿಂದ ಮೇಲಕ್ಕೆ ಎಳೆದರೆ ಈ ದಿಣ್ಣೆ ತಡೆಯುವುದು ತಿಳಿಯುತ್ತದೆ. ಕೆಳಭಾಗ ಬಹುಪಾಲು ಮೂಲ ಅಳತೆಯಲ್ಲೇ ಇರುತ್ತದೆ. ಹೀಗೆ ಮೇಲೆ ಅಗಲವಾಗಿ ಕೆಳಗೆ ಕಿರಿದಾಗುವುದನ್ನು ಟೇಪರ್ ಎನ್ನುತ್ತಾರೆ.

ಕನೆಕ್ಟಿಂಗ್ ರಾಡ್ ಓರೆಯಾಗಿ ತಳ್ಳುವುದರಿಂದ ಪಿಸ್ಟನ್ ಸಿಲಿಂಡರಿನ ಮುಂದಿನ ಮತ್ತು ಹಿಂದಿನ ಗೋಡೆಗಳನ್ನು ಒತ್ತುತ್ತದೆ. ಎಡಬಲದ ಗೋಡೆಗಳ ಮೇಲೆ ಅಷ್ಟು ಒತ್ತಡ ಬೀಳುವುದಿಲ್ಲ. ಇದರಿಂದ ದುಂಡಾಗಿದ್ದ ರಂಧ್ರ ಮೊಟ್ಟೆಯಾಕಾರ ತಾಳುತ್ತದೆ. ದುಂಡಗಿನ ಹೊಸ ರಿಂಗ್ ಅಂಡಾಕಾರದ ಸಿಲಿಂಡರಿನಲ್ಲಿ ಒತ್ತಡ ಹಿಡಿಯಲಾರದು. ಸವೆದ ಸಿಲಿಂಡರಿಗೆ ರಿಂಗ್ ಮಾತ್ರ ಬದಲಿಸುವುದು ಫಲ ಕೊಡದಿರುವುದಕ್ಕೆ ಇದೇ ಕಾರಣ.

ಏರ್ ಫಿಲ್ಟರ್ ಇಲ್ಲದೆ ಅಥವಾ ಹರಿದ ಫಿಲ್ಟರಿನೊಂದಿಗೆ ಓಡಿಸಿದಾಗ ಒಳಹೋಗುವ ಧೂಳು, ಬಹುಕಾಲ ನಿಂತ ಎಂಜಿನ್‌ನಲ್ಲಿ ಕಟ್ಟುವ ತುಕ್ಕು ಮತ್ತು ಎಣ್ಣೆಯ ಕೊರತೆ ಸವೆತವನ್ನು ತ್ವರಿತಗೊಳಿಸುತ್ತವೆ.

## ಲಕ್ಷಣಗಳು

* ಕಿಕ್ ಹೊಡೆಯುವಾಗ ಮೊದಲಿನ ಬಿಗಿ ಇಲ್ಲದಿರುವುದು, ಬಿಸಿಯಾದ ಎಂಜಿನ್ ಸುಲಭವಾಗಿ ಚಾಲನೆಗೊಳ್ಳದಿರುವುದು.
* ಏರುದಾರಿಯಲ್ಲಿ ಎಳೆತ ತಗ್ಗುವುದು.
* ಎಂಜಿನ್ ತಣ್ಣಗಿದ್ದಾಗ ಪಿಸ್ಟನ್ ಗೋಡೆಗೆ ಬಡಿಯುವ ಟಕಟಕ ಸದ್ದು.
* ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ನೀಲಿ ಹೊಗೆ ಮತ್ತು ಎಣ್ಣೆ ಬೇಗನೆ ಖಾಲಿಯಾಗುವುದು. ಎರಡು ಸ್ಟ್ರೋಕ್ ಎಂಜಿನ್ ಎಣ್ಣೆಯನ್ನು ಸುಡುವುದೇ ಸಹಜವಾದುದರಿಂದ ಹೊಗೆಯೊಂದನ್ನೇ ನಂಬಿ ಅಲ್ಲಿ ತೀರ್ಮಾನಿಸಲಾಗದು.

ಸ್ಪಾರ್ಕ್ ಪ್ಲಗ್ಗಿನ ಜಾಗದಲ್ಲಿ ಒತ್ತಡಮಾಪಕ ಕೂರಿಸಿ, ಥ್ರಾಟಲ್ ಪೂರ್ಣ ತೆರೆದು ಕಿಕ್ ಹೊಡೆದು ಕಂಪ್ರೆಷನ್ ಪರೀಕ್ಷಿಸಲಾಗುತ್ತದೆ. ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಒಂದು ಚಮಚ ಎಣ್ಣೆಯನ್ನು ಸಿಲಿಂಡರಿಗೆ ಬಿಟ್ಟು ಪರೀಕ್ಷೆಯನ್ನು ಮತ್ತೆ ಮಾಡಿದಾಗ ಒತ್ತಡ ಏರಿದರೆ ದೋಷ ರಿಂಗ್ ಅಥವಾ ಬೋರಿನಲ್ಲಿದೆ. ಏರದಿದ್ದರೆ ವಾಲ್ವು ಇಲ್ಲವೇ ಗ್ಯಾಸ್ಕೆಟ್ಟಿನಲ್ಲಿದೆ ಎಂದು ತಿಳಿಯಬಹುದು.

## ಪಿಸ್ಟನ್ ಜಾಮ್

ಚಲಿಸುತ್ತಿರುವಾಗಲೇ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುವುದನ್ನು 'ಸೀಜ್' ಅಥವಾ 'ಪಿಸ್ಟನ್ ಜಾಮ್' ಎನ್ನುತ್ತಾರೆ. ಎರಡು ಸ್ಟ್ರೋಕ್ ಎಂಜಿನ್‌ಗಳಲ್ಲಿ ಇದು ಹೆಚ್ಚು. ಹಿಂದಿನ ಚಕ್ರ ಒಮ್ಮೆಲೇ ಸಿಲುಕಿ ಸವಾರ ಬೀಳುವ ಅಪಾಯವಿದ್ದು, ಆ ಕ್ಷಣದಲ್ಲಿ ಕ್ಲಚ್ ಹಿಡಿಯುವುದೇ ರಕ್ಷಣೆ.

ಜಾಮ್ ಆದ ಎಂಜಿನ್ನಿನ ಸಿಲಿಂಡರನ್ನು ಬೋರ್ ಮಾಡಿಸಿದರೆ ಸಾಲದು. ಕಾರಣವನ್ನು ಮೊದಲು ಹುಡುಕಬೇಕು. ಇಲ್ಲವಾದರೆ ಹೊಸ ಪಿಸ್ಟನ್ನಿಗೂ ಅದೇ ಗತಿಯಾಗುತ್ತದೆ. ಎಣ್ಣೆಯ ಪ್ರಮಾಣ ಕಡಿಮೆಯಾದುದು, ಇಗ್ನಿಷನ್ ಟೈಮಿಂಗ್ ಮುಂದಾದುದು, ಕಾರ್ಬ್ಯುರೇಟರ್ ಜೆಟ್ ಕಟ್ಟಿಕೊಂಡುದು, ಕ್ರ್ಯಾಂಕ್ ಆಯಿಲ್ ಸೀಲುಗಳು ಒಣಗಿ ಹೊರಗಾಳಿ ಒಳಸೇರಿದುದು ಸಾಮಾನ್ಯ ಕಾರಣಗಳು. ಕೊನೆಯ ಎರಡರಲ್ಲಿಯೂ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗಿ ಮಿಶ್ರಣ ತೆಳುವಾಗುತ್ತದೆ. ಎರಡು ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲ್ ಕಡಿಮೆಯಾದರೆ ಅದರೊಡನೆ ಬರುವ ಎಣ್ಣೆಯೂ ಕಡಿಮೆಯಾಗುವುದರಿಂದ ಹಾನಿ ಇಮ್ಮಡಿಯಾಗುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು ಇಲ್ಲಿನ ಗಾಳಿಯ ಸಾಂದ್ರತೆ ಕರಾವಳಿಯದಕ್ಕಿಂತ ಶೇಕಡಾ 8–9ರಷ್ಟು ಕಡಿಮೆ. ಇಲ್ಲಿನ ಗಾಳಿಗೆ ಹೊಂದುವಂತೆ ಸಣ್ಣ ಜೆಟ್ ಹಾಕಿದ ವಾಹನವು ಘಟ್ಟವಿಳಿದು ಮಂಗಳೂರಿನತ್ತ ಹೋದಾಗ ಮಿಶ್ರಣ ತೆಳುವಾಗುತ್ತದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ ಕೂಡ ಇದೇ ದಿಕ್ಕಿನ ಪರಿಣಾಮ ಬೀರುತ್ತದೆ. ಎಥನಾಲಿನಲ್ಲಿಯೇ ಆಮ್ಲಜನಕವಿರುವುದರಿಂದ ಹಳೆಯ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಅದು ತೇವವನ್ನು ಹೀರಿ ಟ್ಯಾಂಕ್ ಮತ್ತು ಬೇರಿಂಗುಗಳಿಗೆ ತುಕ್ಕು ತರಬಲ್ಲುದು, ಹಳೆಯ ರಬ್ಬರ್ ಸೀಲುಗಳನ್ನು ಕೆಡಿಸಬಲ್ಲುದು.

## ಅಳತೆ

ಸಿಲಿಂಡರಿನ ಒಳವ್ಯಾಸವನ್ನು ಡಯಲ್ ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಮಟ್ಟಗಳಲ್ಲಿ, ಪ್ರತಿ ಮಟ್ಟದಲ್ಲಿಯೂ ಮುಂದು–ಹಿಂದು ಮತ್ತು ಎಡ–ಬಲ ದಿಕ್ಕುಗಳಲ್ಲಿ ಅಳೆಯಬೇಕು. ಎರಡು ಸ್ಟ್ರೋಕ್ ಸಿಲಿಂಡರಿನಲ್ಲಿ ಪೋರ್ಟುಗಳ ಮೇಲೆ ಗೇಜಿನ ತುದಿ ಬೀಳದಂತೆ ಎಚ್ಚರ ವಹಿಸಬೇಕು. 65 ಮಿ.ಮೀ. ಬೋರಿನ ಸಿಲಿಂಡರಿನ ಒಂದು ಮಾದರಿ ಲೆಕ್ಕ ಹೀಗಿದೆ:

* ಮೇಲ್ಭಾಗ: ಮುಂದು–ಹಿಂದು 65.32 ಮಿ.ಮೀ., ಎಡ–ಬಲ 65.24 ಮಿ.ಮೀ.
* ನಡುಭಾಗ: ಮುಂದು–ಹಿಂದು 65.20 ಮಿ.ಮೀ., ಎಡ–ಬಲ 65.15 ಮಿ.ಮೀ.
* ಕೆಳಭಾಗ: ಮುಂದು–ಹಿಂದು 65.04 ಮಿ.ಮೀ., ಎಡ–ಬಲ 65.03 ಮಿ.ಮೀ.

ಇಲ್ಲಿ ಅತಿ ಹೆಚ್ಚಿನ ಅಳತೆ 65.32 ಆದುದರಿಂದ 0.25 ಮಿ.ಮೀ. ಓವರ್‌ಸೈಜ್ ಸಾಲದು, 0.50 ಓವರ್‌ಸೈಜಿಗೆ ಹೋಗಬೇಕು. ಸವೆತ ಮುಂದೆ ಹಿಂದೆ ಹಂಚಿಹೋಗಿದ್ದರೆ ಇದು ಸಾಕಾಗುತ್ತದೆ. ಇಡೀ 0.32 ಮಿ.ಮೀ. ಸವೆತ ಒಂದೇ ಗೋಡೆಯಲ್ಲಿದ್ದರೆ, ಮೂಲ ಅಕ್ಷವನ್ನು ಬಿಡದೆ ಕೊರೆಯಲು ಕನಿಷ್ಠ 65.64 ಮಿ.ಮೀ. ವ್ಯಾಸ ಬೇಕಾಗಿ 0.75 ಓವರ್‌ಸೈಜ್ ಅನಿವಾರ್ಯವಾಗುತ್ತದೆ. ಅಳತೆ ಮಾಡದೆ ಪಿಸ್ಟನ್ ಕೊಳ್ಳುವುದು ನಷ್ಟಕ್ಕೆ ದಾರಿ.

ಪಿಸ್ಟನ್ನನ್ನು ಮೈಕ್ರೋಮೀಟರಿನಿಂದ, ಸ್ಕರ್ಟಿನ ಕೆಳಭಾಗದಲ್ಲಿ, ಗಜನ್ ಪಿನ್ನಿಗೆ ಲಂಬವಾದ ದಿಕ್ಕಿನಲ್ಲಿ ಅಳೆಯಲಾಗುತ್ತದೆ. ಪಿಸ್ಟನ್ನಿನ ತಲೆಭಾಗ ಹೆಚ್ಚು ಬಿಸಿಯಾಗಿ ಹೆಚ್ಚು ಹಿಗ್ಗುವುದರಿಂದ ಅದನ್ನು ತಯಾರಿಕೆಯಲ್ಲಿಯೇ ಸ್ಕರ್ಟಿಗಿಂತ ಕಿರಿದಾಗಿ ಮಾಡಿರುತ್ತಾರೆ.

## ತೆರಪಿನ ಲೆಕ್ಕ

ಪಿಸ್ಟನ್ ಮತ್ತು ಸಿಲಿಂಡರ್ ನಡುವಿನ ತೆರಪು ಈ ಕೆಲಸದ ಜೀವಾಳ. ಪಿಸ್ಟನ್ನಿನ ಅಲ್ಯುಮಿನಿಯಂ ಮಿಶ್ರಲೋಹವು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಅಳತೆಯ ದಶಲಕ್ಷದಲ್ಲಿ ಸುಮಾರು 20 ಭಾಗ ಹಿಗ್ಗಿದರೆ, ಎರಕದ ಕಬ್ಬಿಣ ಸುಮಾರು 11 ಭಾಗ ಹಿಗ್ಗುತ್ತದೆ. ಎರಡೂ 100 ಡಿಗ್ರಿ ಬಿಸಿಯೇರಿದಾಗ 65 ಮಿ.ಮೀ. ಪಿಸ್ಟನ್ 0.13 ಮಿ.ಮೀ. ಹಿಗ್ಗುತ್ತದೆ, ಸಿಲಿಂಡರ್ ಹಿಗ್ಗುವುದು 0.07 ಮಿ.ಮೀ. ಮಾತ್ರ. ತಣ್ಣಗಿದ್ದಾಗ ಈ ವ್ಯತ್ಯಾಸಕ್ಕೆ ತಕ್ಕ ಜಾಗ ಬಿಡದಿದ್ದರೆ ಬಿಸಿಯಾದಾಗ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಹೆಚ್ಚು ಬಿಟ್ಟರೆ ಪಿಸ್ಟನ್ ವಾಲಾಡಿ ರಿಂಗುಗಳು ಬೇಗ ಹಾಳಾಗುತ್ತವೆ.

ಗಾಳಿಯಿಂದ ತಂಪಾಗುವ ಕಬ್ಬಿಣದ ಸಿಲಿಂಡರಿಗೆ ಬೋರಿನ ಸುಮಾರು ಸಾವಿರದಲ್ಲೊಂದು ಭಾಗ ತೆರಪು ಎಂಬುದು ಸ್ಥೂಲ ನಿಯಮ; 65 ಮಿ.ಮೀ. ಬೋರಿಗೆ ಅದು 0.065 ಮಿ.ಮೀ. ಆಗುತ್ತದೆ. ತಯಾರಕರ ಕೈಪಿಡಿ ಅಥವಾ ಪಿಸ್ಟನ್ ಪೆಟ್ಟಿಗೆಯ ಮೇಲಿನ ಸೂಚನೆ ದೊರೆತರೆ ಅದೇ ಪ್ರಮಾಣ. ಬೋರಿನ ಅಂತಿಮ ಅಳತೆಯನ್ನು ಕೈಯಲ್ಲಿರುವ ಪಿಸ್ಟನ್ನಿನಿಂದಲೇ ನಿರ್ಧರಿಸಬೇಕು. ಪಿಸ್ಟನ್ 65.44 ಮಿ.ಮೀ. ಇದ್ದು ತೆರಪು 0.07 ಬೇಕಿದ್ದರೆ ಬೋರ್ 65.51 ಆಗಬೇಕು. ಆದುದರಿಂದ ಪಿಸ್ಟನ್ ಕೊಡದೆ ಸಿಲಿಂಡರನ್ನು ಮಾತ್ರ ಬೋರಿಂಗಿಗೆ ಕೊಡುವುದು ಸರಿಯಲ್ಲ.

## ವಿಧಾನ

### ಬೋರಿಂಗ್

ಸಿಲಿಂಡರನ್ನು ಅದರ ಅಡಿಮೈ ಆಧಾರವಾಗಿ ಯಂತ್ರದ ಮೇಜಿನ ಮೇಲೆ ಕೂರಿಸಿ, ಸವೆಯದ ಭಾಗವನ್ನು ಹಿಡಿದು ಕೇಂದ್ರ ಹೊಂದಿಸಲಾಗುತ್ತದೆ. ಅಡಿಮೈಯಲ್ಲಿ ಹಳೆಯ ಗ್ಯಾಸ್ಕೆಟ್ಟಿನ ಚೂರು ಉಳಿದಿದ್ದರೂ ಬೋರ್ ಓರೆಯಾಗುತ್ತದೆ. ಬಳಿಕ ಬೋರಿಂಗ್ ಬಾರ್ ತೆಳುವಾಗಿ ಲೋಹವನ್ನು ಕೆತ್ತುತ್ತದೆ. ಅಂತಿಮ ಅಳತೆಗೆ 0.03ರಿಂದ 0.05 ಮಿ.ಮೀ. ಬಾಕಿ ಇರುವಾಗ ಕೆತ್ತನೆಯನ್ನು ನಿಲ್ಲಿಸಿ ಉಳಿದುದನ್ನು ಹೋನಿಂಗಿಗೆ ಬಿಡಲಾಗುತ್ತದೆ.

ಓವರ್‌ಸೈಜ್ ಪಿಸ್ಟನ್ನುಗಳು ಸಾಮಾನ್ಯವಾಗಿ 0.25, 0.50, 0.75, 1.00 ಮಿ.ಮೀ. ಹೀಗೆ ಮೆಟ್ಟಿಲುಮೆಟ್ಟಿಲಾಗಿ ದೊರೆಯುತ್ತವೆ. ಬ್ರಿಟಿಷ್ ಮೂಲದ ಎಂಜಿನ್‌ಗಳಿಗೆ ಇಂಚಿನ ಲೆಕ್ಕದಲ್ಲಿ 0.020, 0.040, 0.060 ಎಂಬ ಅಳತೆಗಳು ರೂಢಿಯಲ್ಲಿವೆ. 65 ಮಿ.ಮೀ. ಬೋರನ್ನು 66ಕ್ಕೆ ಏರಿಸಿದಾಗ ಎಂಜಿನ್ನಿನ ಸಾಮರ್ಥ್ಯ 249ರಿಂದ ಸುಮಾರು 257 ಸಿ.ಸಿ.ಗೆ ಏರುತ್ತದೆ.

### ಹೋನಿಂಗ್

ತಿರುಗುತ್ತಾ ಮೇಲೆ ಕೆಳಗೆ ಚಲಿಸುವ ಸಾಣೆಕಲ್ಲುಗಳಿಂದ ಬೋರನ್ನು ಅಂತಿಮ ಅಳತೆಗೆ ತಂದು, ಗೋಡೆಯ ಮೇಲೆ ಒಂದನ್ನೊಂದು ಓರೆಯಾಗಿ ದಾಟುವ ಸಣ್ಣ ಗೀರುಗಳನ್ನು ಮೂಡಿಸಲಾಗುತ್ತದೆ. ಈ ಗೀರುಗಳಲ್ಲಿ ಎಣ್ಣೆ ನಿಲ್ಲುತ್ತದೆ, ಹೊಸ ರಿಂಗ್ ಗೋಡೆಗೆ ಹೊಂದಿಕೊಳ್ಳುತ್ತದೆ. ಕನ್ನಡಿಯಂತೆ ನುಣುಪಾದ ಗೋಡೆ ನೋಡಲು ಚೆನ್ನಾದರೂ ಅದರ ಮೇಲೆ ಎಣ್ಣೆ ನಿಲ್ಲದು.

ಎರಡು ಸ್ಟ್ರೋಕ್ ಸಿಲಿಂಡರಿನಲ್ಲಿ ಬೋರಿಂಗ್ ಆದ ಮೇಲೆ ಪೋರ್ಟುಗಳ ಅಂಚು ಕತ್ತಿಯಂತೆ ಹರಿತವಾಗಿರುತ್ತದೆ. ಅದನ್ನು ಸಣ್ಣ ಅರ ಅಥವಾ ಎಣ್ಣೆಕಲ್ಲಿನಿಂದ ಮೊಂಡು ಮಾಡದಿದ್ದರೆ ರಿಂಗ್ ಅದಕ್ಕೆ ಸಿಕ್ಕಿ ಮುರಿಯುತ್ತದೆ. ಅವಸರದ ಕೆಲಸದಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಹಂತ ಇದೇ.

### ಸ್ಲೀವ್ ಹಾಕುವುದು

ಕೊನೆಯ ಓವರ್‌ಸೈಜನ್ನೂ ಮೀರಿದ, ಆಳವಾಗಿ ಗೀರಿದ ಅಥವಾ ಆ ಅಳತೆಯ ಪಿಸ್ಟನ್ ದೊರೆಯದ ಸಿಲಿಂಡರಿಗೆ ಸ್ಲೀವ್ ಹಾಕಲಾಗುತ್ತದೆ. ಹಳೆಯ ಬೋರನ್ನು ದೊಡ್ಡದಾಗಿ ಕೊರೆದು, ಅದಕ್ಕಿಂತ ತುಸು ದಪ್ಪನಾದ ಎರಕದ ಕಬ್ಬಿಣದ ಕೊಳವೆಯನ್ನು ಪ್ರೆಸ್ಸಿನಿಂದ ಬಿಗಿಯಾಗಿ ಒತ್ತಿ ಕೂರಿಸಿ, ಮತ್ತೆ ಮೂಲ ಅಳತೆಗೆ ಬೋರ್ ಮಾಡಲಾಗುತ್ತದೆ. ಅಲ್ಯುಮಿನಿಯಂ ಸಿಲಿಂಡರಾದರೆ ಅದನ್ನು ಕಾಯಿಸಿ ಹಿಗ್ಗಿಸಿ ಸ್ಲೀವನ್ನು ಇಳಿಸಲಾಗುತ್ತದೆ. ಎರಡು ಸ್ಟ್ರೋಕ್ ಸಿಲಿಂಡರಿನ ಸ್ಲೀವಿನಲ್ಲಿ ಪ್ರತಿಯೊಂದು ಪೋರ್ಟನ್ನೂ ಮೂಲದ ಎತ್ತರ ಮತ್ತು ಅಗಲಕ್ಕೆ ಸರಿಯಾಗಿ ತೆರೆಯಬೇಕು. ಪೋರ್ಟಿನ ಎತ್ತರ ಒಂದು ಮಿಲಿಮೀಟರ್ ಬದಲಾದರೂ ಎಂಜಿನ್ನಿನ ಎಳೆತ ಮತ್ತು ಸದ್ದು ಬದಲಾಗುತ್ತದೆ.

## ಜೋಡಣೆ

ಬೋರಿಂಗ್ ಮುಗಿದ ಸಿಲಿಂಡರನ್ನು ಬಿಸಿನೀರು ಮತ್ತು ಸಾಬೂನಿನಿಂದ ಬ್ರಷ್ಷು ಹಾಕಿ ತೊಳೆಯಬೇಕು. ಪೆಟ್ರೋಲಿನಿಂದ ಎಣ್ಣೆ ಹೋಗುತ್ತದೆಯೇ ಹೊರತು ಗೀರುಗಳಲ್ಲಿ ಅಡಗಿದ ಸಾಣೆಪುಡಿ ಹೋಗುವುದಿಲ್ಲ. ಬಿಳಿ ಬಟ್ಟೆಯಿಂದ ಒರೆಸಿದಾಗ ಕಲೆ ಹತ್ತದಿದ್ದರೆ ಸ್ವಚ್ಛವಾಯಿತೆಂದು ಅರ್ಥ. ತೊಳೆದ ಕಬ್ಬಿಣಕ್ಕೆ ಕೆಲವೇ ನಿಮಿಷಗಳಲ್ಲಿ ತುಕ್ಕು ಹತ್ತುವುದರಿಂದ ಕೂಡಲೇ ಎಣ್ಣೆ ಸವರಬೇಕು.

ರಿಂಗುಗಳನ್ನು ಪಿಸ್ಟನ್ನಿಗೆ ಹಾಕುವ ಮೊದಲು ಒಂದೊಂದನ್ನೂ ಸಿಲಿಂಡರಿನೊಳಗೆ ನೇರವಾಗಿ ಇಟ್ಟು, ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ನೋಡಬೇಕು. 65 ಮಿ.ಮೀ. ಬೋರಿಗೆ ಸುಮಾರು 0.20ರಿಂದ 0.30 ಮಿ.ಮೀ. ಸಂದು ವಾಡಿಕೆ. ಸಂದು ತೀರ ಕಡಿಮೆಯಿದ್ದರೆ ಬಿಸಿಯಾದಾಗ ತುದಿಗಳು ಒಂದಕ್ಕೊಂದು ಒತ್ತಿ ರಿಂಗ್ ಮುರಿಯುತ್ತದೆ. ಅರದಿಂದ ತುದಿಯನ್ನು ಉಜ್ಜಿ ಸರಿಪಡಿಸಬಹುದು.

ಎರಡು ಸ್ಟ್ರೋಕ್ ಪಿಸ್ಟನ್ನಿನ ರಿಂಗ್ ಗಾಡಿಗಳಲ್ಲಿ ರಿಂಗ್ ತಿರುಗದಂತೆ ತಡೆಯುವ ಸಣ್ಣ ಪಿನ್ನುಗಳಿವೆ. ಪಿಸ್ಟನ್ನನ್ನು ಹಿಂದುಮುಂದಾಗಿ ಹಾಕಿದರೆ ರಿಂಗಿನ ತುದಿಗಳು ಪೋರ್ಟಿನೊಳಕ್ಕೆ ಚಿಮ್ಮಿ ಮುರಿಯಬಹುದು. ಆದುದರಿಂದ ಪಿಸ್ಟನ್ ತಲೆಯ ಮೇಲೆ ಬಾಣದ ಗುರುತಿದ್ದರೆ ಅದನ್ನು ತಯಾರಕರು ಸೂಚಿಸಿದ ದಿಕ್ಕಿಗೆ, ಸಾಮಾನ್ಯವಾಗಿ ಸೈಲೆನ್ಸರ್ ಕಡೆಗೆ ಇಡಬೇಕು. ಪಿಸ್ಟನ್ನನ್ನು ಬಿಸಿ ಎಣ್ಣೆಯಲ್ಲಿ ಅಥವಾ ಬಿಸಿಗಾಳಿಯಲ್ಲಿ ತುಸು ಕಾಯಿಸಿದರೆ ಗಜನ್ ಪಿನ್ ಕೈಯಿಂದಲೇ ಜಾರುತ್ತದೆ. ಸುತ್ತಿಗೆಯಿಂದ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿದೆ. ಪಿನ್ನನ್ನು ಹಿಡಿದಿಡುವ ಸರ್ಕ್ಲಿಪ್ಪುಗಳನ್ನು ಮತ್ತೆ ಬಳಸಬಾರದು. ಅಗ್ಗದ ಈ ತಂತಿ ಜಾರಿ ಹೊರಬಂದರೆ ಹೊಸ ಬೋರ್ ಪೂರ್ತಿ ಹಾಳಾಗುತ್ತದೆ. ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕಿಟ್ಟು ಕೆಲಸ ಮಾಡುವುದು ಒಳ್ಳೆಯ ಅಭ್ಯಾಸ.

## ಹದಗೊಳಿಸುವ ಓಟ

ಹೊಸದಾಗಿ ಬೋರ್ ಮಾಡಿದ ಎಂಜಿನ್ನನ್ನು ಮೊದಲ ಕೆಲವು ನೂರು ಕಿಲೋಮೀಟರ್ ಹದವಾಗಿ ಓಡಿಸಬೇಕು. ಒಂದೇ ವೇಗದಲ್ಲಿ ಬಹುಹೊತ್ತು ಓಡಿಸುವುದು, ಪೂರ್ಣ ಥ್ರಾಟಲ್ ಕೊಡುವುದು, ದೊಡ್ಡ ಗೇರಿನಲ್ಲಿ ಏರು ಹತ್ತಿಸಿ ಎಂಜಿನ್ನನ್ನು ಉಸಿರುಗಟ್ಟಿಸುವುದು ಸಲ್ಲದು. ಬಿಸಿಯಾದ ಬಳಿಕ ನಿಲ್ಲಿಸಿ ಪೂರ್ತಿ ತಣಿಯಲು ಬಿಡುವುದನ್ನು ಹಲವು ಸಲ ಮಾಡಲಾಗುತ್ತದೆ. ಹಳೆಯ ಎರಡು ಸ್ಟ್ರೋಕ್ ಎಂಜಿನ್‌ಗಳಿಗೆ ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಎಣ್ಣೆ, ಅಂದರೆ 25ಕ್ಕೆ 1 ಪ್ರಮಾಣ ರೂಢಿಯಲ್ಲಿದ್ದು, ಈ ಅವಧಿಯಲ್ಲಿ 50 ಮಿ.ಲೀ. ಹಾಕುವುದುಂಟು. ಮೊದಲ ಓಟದ ನಂತರ ಹೆಡ್ಡಿನ ನಟ್ಟುಗಳನ್ನು, ಎಂಜಿನ್ ತಣ್ಣಗಿದ್ದಾಗ, ಎದುರುಬದುರಾಗಿ ಮತ್ತೊಮ್ಮೆ ಬಿಗಿಗೊಳಿಸಬೇಕು.

## ಕಾನೂನು ಮತ್ತು ಸಂರಕ್ಷಣೆ

ಕೇಂದ್ರ ಸರ್ಕಾರವು 2021ರ ಜುಲೈ ತಿಂಗಳಲ್ಲಿ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮಗಳನ್ನು ಅಧಿಸೂಚಿಸಿತು. ಅವುಗಳ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲರೂಪದಲ್ಲಿ ಉಳಿಸಿಕೊಂಡ, ಚಾಸಿಸ್, ಬಾಡಿ ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಮಾಡದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳು 'ವಿ.ಎ.' ಅಕ್ಷರಗಳುಳ್ಳ ವಿಶೇಷ ಸಂಖ್ಯೆ ಪಡೆಯಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ ನಿಗದಿಯಾಗಿದೆ. ಹೀಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಮುಂತಾದ ಉದ್ದೇಶಗಳಿಗೆ ಮಾತ್ರ ರಸ್ತೆಗಿಳಿಸಬಹುದು. ನಿತ್ಯದ ಓಡಾಟಕ್ಕಾಗಲಿ ವಾಣಿಜ್ಯಕ್ಕಾಗಲಿ ಬಳಸುವಂತಿಲ್ಲ.

ಎಂಜಿನ್ ಸಂಖ್ಯೆಯನ್ನು ಸಾಮಾನ್ಯವಾಗಿ ಕ್ರ್ಯಾಂಕ್‌ಕೇಸಿನ ಮೇಲೆ ಕೊರೆದಿರುವುದರಿಂದ ಸಿಲಿಂಡರ್ ಬೋರ್ ಮಾಡಿಸಿದರೆ ಅಥವಾ ಸ್ಲೀವ್ ಹಾಕಿಸಿದರೆ ನೋಂದಣಿ ಪತ್ರದ ಸಂಖ್ಯೆ ಬದಲಾಗುವುದಿಲ್ಲ. ಸವೆದ ಎಂಜಿನ್ನನ್ನು ಗುಜರಿಗೆ ಹಾಕಿ ಬೇರೊಂದನ್ನು ಕೂರಿಸಿದಾಗ ಮಾತ್ರ ವಾಹನದ ಗುರುತು ಕಳೆದುಹೋಗುತ್ತದೆ. ಆದುದರಿಂದಲೇ ಸಂಗ್ರಾಹಕರು ಮೂಲ ಸಿಲಿಂಡರನ್ನು ಸಣ್ಣ ಓವರ್‌ಸೈಜಿನಿಂದ ಆರಂಭಿಸಿ, ಒಂದೊಂದೇ ಮೆಟ್ಟಿಲು ಏರಿಸಿ, ಕೊನೆಗೆ ಸ್ಲೀವ್ ಹಾಕಿ ಉಳಿಸಿಕೊಳ್ಳಲು ಬಯಸುತ್ತಾರೆ.

ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರು ಸೇರಿದಂತೆ ದೇಶದ ಹಲವು ನಗರಗಳಲ್ಲಿ ಜಾವಾ–ಯೆಜ್ಡಿ ದಿನವನ್ನು ಆಚರಿಸಲಾಗುತ್ತದೆ. ಮುಚ್ಚಿದ ಕಾರ್ಖಾನೆಯ ವಾಹನಗಳು ಅಂದು ಸಾಲಾಗಿ ರಸ್ತೆಗಿಳಿಯಲು ಸಾಧ್ಯವಾಗಿರುವುದರ ಹಿಂದೆ ಬೋರಿಂಗ್ ಅಂಗಡಿಗಳ ಪಾಲು ದೊಡ್ಡದು.